ಬ್ಯಾಂಕಿನ ಕಟ್ಟುಗಳಲ್ಲಿ ಅಪರೂಪದ ನೋಟುಗಳ ಹುಡುಕಾಟ

ಬ್ಯಾಂಕಿನಿಂದ ಮುಖಬೆಲೆಗೇ ನೋಟಿನ ಕಟ್ಟುಗಳನ್ನು ಪಡೆದು, ಸಂಗ್ರಹಕಾರರು ಬಯಸುವಂಥ ನೋಟುಗಳನ್ನು ಹೆಕ್ಕಿಕೊಂಡು, ಉಳಿದದ್ದನ್ನು ಮತ್ತೆ ಖಾತೆಗೆ ತುಂಬುವುದು ನೋಟು ಸಂಗ್ರಹದ ಅತ್ಯಂತ ಅಗ್ಗದ ದಾರಿ. ಇದಕ್ಕೆ ಬೇಕಾದದ್ದು ಸಮಯ ಮತ್ತು ಪಳಗಿದ ಕಣ್ಣು. ಏನೂ ಸಿಗದಿದ್ದರೂ ಸಾವಿರ ರೂಪಾಯಿ ಸಾವಿರವಾಗಿಯೇ ಉಳಿಯುತ್ತದೆ. ಅಮೆರಿಕದಲ್ಲಿ ಈ ಹವ್ಯಾಸ 2 ಡಾಲರ್ ನೋಟಿನ ಸುತ್ತ ಬೆಳೆದಿದೆ. ಅದರ ಮುದ್ರಣ 1966ರಲ್ಲಿ ನಿಂತಿತು, 1976ರ ಏಪ್ರಿಲ್ 13ರಂದು ಹೊಸ ರೂಪದಲ್ಲಿ ಮತ್ತೆ ಬಂತು. ಜನ ಅದನ್ನು ಖರ್ಚು ಮಾಡದೆ ಎತ್ತಿಡುವುದರಿಂದ, ಬ್ಯಾಂಕಿಗೆ ಮರಳುವ ಕಟ್ಟುಗಳಲ್ಲಿ 1953 ಮತ್ತು 1963ರ ಸರಣಿಯ ಕೆಂಪು ಮುದ್ರೆಯ ನೋಟುಗಳು ಒಮ್ಮೊಮ್ಮೆ ಸಿಗುತ್ತವೆ. ಭಾರತದಲ್ಲಿ ಹುಡುಕಾಟ ನಡೆಯುವುದು ಹೆಚ್ಚಾಗಿ 10, 20 ಮತ್ತು 50 ರೂಪಾಯಿಯ ಕಟ್ಟುಗಳಲ್ಲಿ.

ಒಂದು ಕಟ್ಟಿನಲ್ಲಿ ನೂರು ನೋಟುಗಳಿರುತ್ತವೆ, ಹತ್ತು ಕಟ್ಟು ಸೇರಿದರೆ ಒಂದು ಬಂಡಲ್. ಶಾಖೆಗಳಿಗೆ ಹೊಸ ನೋಟು ಬರುವುದು ನೋಟುಗಳ ದಾಸ್ತಾನು ಕೇಂದ್ರವಾದ ಕರೆನ್ಸಿ ಚೆಸ್ಟ್‌ನಿಂದ. ಹಬ್ಬ ಮತ್ತು ಮದುವೆಯ ದಿನಗಳಲ್ಲಿ ಮುಯ್ಯಿಗೆ, ಉಡುಗೊರೆಗೆ ಗರಿಗರಿ ನೋಟು ಕೇಳುವವರು ಹೆಚ್ಚು. ಹಾಗಾಗಿ ಕೌಂಟರಿನಲ್ಲಿ ಕೇಳಿದಾಗಲೆಲ್ಲ ಹೊಸ ಕಟ್ಟು ಸಿಗುತ್ತದೆಂಬ ಭರವಸೆಯಿಲ್ಲ. ಕ್ಯಾಷಿಯರ್ ಜತೆಗಿನ ಪರಿಚಯ ಇಲ್ಲಿ ದೊಡ್ಡ ಬಂಡವಾಳ.

ಹೊಸ ಕಟ್ಟಿನಲ್ಲಿ ಮೊದಲು ನೋಡುವುದು ನಕ್ಷತ್ರ ಚಿಹ್ನೆಯನ್ನು. 2006ರ ಆಗಸ್ಟ್‌ವರೆಗೆ ಕಟ್ಟಿನ ನೂರೂ ನೋಟುಗಳು ಕ್ರಮಸಂಖ್ಯೆಯಲ್ಲೇ ಇರುತ್ತಿದ್ದವು. ಆಮೇಲೆ, ಮುದ್ರಣದಲ್ಲಿ ಕೆಟ್ಟ ನೋಟಿನ ಜಾಗಕ್ಕೆ ಬೇರೆ ಸಂಖ್ಯೆಯ ನೋಟನ್ನು ಸೇರಿಸಿ ನೂರನ್ನು ಭರ್ತಿ ಮಾಡುವ ಕ್ರಮವನ್ನು ರಿಸರ್ವ್ ಬ್ಯಾಂಕ್ ತಂದಿತು. ಇಂಥ ನೋಟಿನಲ್ಲಿ ಮೊದಲಕ್ಷರಗಳಿಗೂ ಸಂಖ್ಯೆಗೂ ನಡುವೆ ಒಂದು ನಕ್ಷತ್ರ ಇರುತ್ತದೆ. ಮೊದಲಿಗೆ 10, 20 ಮತ್ತು 50 ರೂಪಾಯಿಯಲ್ಲಿ ಬಂದ ಸ್ಟಾರ್ ನೋಟು 2016ರಲ್ಲಿ ಹೊಸ ಮಾದರಿಯ 500ಕ್ಕೂ ವಿಸ್ತರಿಸಿತು. ಕಟ್ಟಿನೊಳಗೆ ಸ್ಟಾರ್ ನೋಟು ಇದ್ದರೆ ಅದನ್ನು ಸುತ್ತಿದ ಕಾಗದದ ಪಟ್ಟಿಯ ಮೇಲೆಯೇ ಸೂಚನೆ ಇರಬೇಕೆಂಬುದು ನಿಯಮ. ಆದ್ದರಿಂದ ಬಲ್ಲವರು ಕಟ್ಟು ಬಿಚ್ಚುವ ಮೊದಲು ಪಟ್ಟಿಯನ್ನು ಓದುತ್ತಾರೆ. ಇವು ಖೋಟಾ ಎಂಬ ಸುದ್ದಿ 2023ರಲ್ಲಿ ಸಾಮಾಜಿಕ ಜಾಲತಾಣಗಳಲ್ಲಿ ಹಬ್ಬಿದಾಗ, ಬೇರೆ ಯಾವುದೇ ನೋಟಿನಷ್ಟೇ ಇವೂ ಸಿಂಧು ಎಂದು ರಿಸರ್ವ್ ಬ್ಯಾಂಕ್ ಸ್ಪಷ್ಟಪಡಿಸಬೇಕಾಯಿತು.

ಎರಡನೆಯ ಆಕರ್ಷಣೆ ಸಂಖ್ಯೆಯದು. ಹೊಸ ಕಟ್ಟಿನ ಸಂಖ್ಯೆಗಳು ಸಾಮಾನ್ಯವಾಗಿ 01ರಿಂದ ಶುರುವಾಗಿ 00ಕ್ಕೆ ಮುಗಿಯುತ್ತವೆ. ಆದ್ದರಿಂದ ಮೇಲಿನ ನೋಟೊಂದನ್ನು ನೋಡಿದರೆ ಒಳಗೇನಿದೆ ಎಂಬುದು ತಿಳಿಯುತ್ತದೆ. ಮೇಲೆ 123401 ಇದ್ದರೆ ಐವತ್ತಾರನೆಯ ನೋಟು 123456. ಕೊನೆಯ ಮೂರಂಕಿ 701 ಇರುವ ಕಟ್ಟಿನೊಳಗೆ 786 ಇದ್ದೇ ಇರುತ್ತದೆ. ಮುಸ್ಲಿಮರು ಮಂಗಳಕರವೆಂದು ಭಾವಿಸುವ ಈ ಸಂಖ್ಯೆಗೆ ಬೇಡಿಕೆ ಬಹಳ. ಆದರೂ 786ಕ್ಕೆ ಕೊನೆಗೊಳ್ಳುವ ನೋಟು ಸಾವಿರಕ್ಕೊಂದರಂತೆ ಬರುತ್ತಲೇ ಇರುತ್ತದೆ. ಅದರ ಬೆಲೆ ಹುಟ್ಟುವುದು ಶ್ರದ್ಧೆಯಿಂದ. ಹಿಂದುಮುಂದಾಗಿ ಓದಿದರೂ ಒಂದೇ ಆಗಿರುವ 245542ರಂಥ ಸಂಖ್ಯೆಗಳೂ ಸರಾಸರಿ ಸಾವಿರಕ್ಕೊಂದು. ಆರೂ ಅಂಕಿ ಒಂದೇ ಆಗಿರುವ 777777ರಂಥವು ಮಾತ್ರ ನಿಜಕ್ಕೂ ವಿರಳ, ಹತ್ತು ಲಕ್ಷ ನೋಟುಗಳಲ್ಲಿ ಒಂಬತ್ತೇ ಒಂಬತ್ತು. ಬೇಡಿಕೆ ಮತ್ತು ವಿರಳತೆ ಬೇರೆ ಬೇರೆ ಎಂಬ ಈ ತಿಳಿವಳಿಕೆ ಇಲ್ಲದವರು ಮಾಮೂಲು ನೋಟಿಗೆ ದುಬಾರಿ ಬೆಲೆ ತೆರುತ್ತಾರೆ.

ಗಂಭೀರ ಸಂಗ್ರಹಕಾರರ ಗಮನ ಇದಕ್ಕಿಂತ ಸೂಕ್ಷ್ಮವಾದ ಗುರುತುಗಳ ಮೇಲಿರುತ್ತದೆ: ಗವರ್ನರ್ ಸಹಿ, ಹಿಂಬದಿಯ ಮುದ್ರಣ ವರ್ಷ, ಸಂಖ್ಯೆಯ ಹಿನ್ನೆಲೆಯಲ್ಲಿರುವ ಒಳ ಅಕ್ಷರ. ಒಂದೇ ಮುಖಬೆಲೆಯಲ್ಲಿ ಈ ಮೂರೂ ಸೇರಿ ಹತ್ತಾರು ಬಗೆಗಳಾಗುತ್ತವೆ, ಕೆಲವು ಬಗೆಗಳು ಅಲ್ಪ ಕಾಲವಷ್ಟೇ ಅಚ್ಚಾಗಿರುತ್ತವೆ. 1985ರಲ್ಲಿ ಮೂರು ವಾರವೂ ಪೂರ್ತಿ ಗವರ್ನರ್ ಆಗಿರದ ಅಮಿತಾವ್ ಘೋಷ್ ಅವರ ಸಹಿಯ 10 ರೂಪಾಯಿ ನೋಟು ಇದಕ್ಕೆ ಹೆಸರಾಂತ ಉದಾಹರಣೆ.

ಬಳಸಿದ ನೋಟುಗಳ ಕಟ್ಟಿನಲ್ಲಿ ಸಿಗುವುದು ಹಳೆಯ ಮಾದರಿಗಳು. ಹಿಂಬದಿಯಲ್ಲಿ ಮುದ್ರಣ ವರ್ಷವಿಲ್ಲದ, 2005ಕ್ಕೆ ಮೊದಲಿನ ನೋಟುಗಳನ್ನು ಹಿಂಪಡೆಯುವ ಕ್ರಮವನ್ನು ರಿಸರ್ವ್ ಬ್ಯಾಂಕ್ 2014ರಲ್ಲಿ ಪ್ರಕಟಿಸಿತು. ದೊಡ್ಡ ನೋಟುಗಳು ಬಹುಮಟ್ಟಿಗೆ ಮರೆಯಾದವು. ಆದರೆ ಆನೆ, ಹುಲಿ, ಘೇಂಡಾಮೃಗ ಒಟ್ಟಿಗಿರುವ 10 ರೂಪಾಯಿಯ ನೋಟು ಹಳೆಯ ಕಟ್ಟುಗಳಲ್ಲಿ ಇಣುಕುತ್ತದೆ. 1994ರಲ್ಲಿ ಒಂದು ರೂಪಾಯಿ ನೋಟಿನ, 1995ರಲ್ಲಿ ಎರಡು ಮತ್ತು ಐದರ ನೋಟುಗಳ ಮುದ್ರಣ ನಿಂತಿತು. ಐದರದ್ದು ಮುಂದೆ ಕೆಲಕಾಲ ಮತ್ತೆ ಅಚ್ಚಾಯಿತು, ಒಂದರದ್ದು 2015ರಲ್ಲಿ ಮರಳಿತು. ಒಂದು ರೂಪಾಯಿ ನೋಟನ್ನು ಹೊರಡಿಸುವುದು ಕೇಂದ್ರ ಸರ್ಕಾರ, ಅದರ ಮೇಲಿರುವುದು ಹಣಕಾಸು ಕಾರ್ಯದರ್ಶಿಯ ಸಹಿ. ಎರಡು ರೂಪಾಯಿಯ ಹಿಂಬದಿಯಲ್ಲಿ ಬೆಂಗಳೂರಿನಲ್ಲಿ ಉಡುಪಿಯ ಯು.ಆರ್. ರಾವ್ ಅವರ ನೇತೃತ್ವದಲ್ಲಿ ರೂಪುಗೊಂಡ ಆರ್ಯಭಟ ಉಪಗ್ರಹ ಇದೆ. ಕನ್ನಡಿಗ ಸಂಗ್ರಹಕಾರ ಕೈಬಿಡಬಾರದ ನೋಟು ಅದು.

ಎಲ್ಲಕ್ಕಿಂತ ವಿರಳವಾದದ್ದು ಮುದ್ರಣ ದೋಷ. ಎಡಬಲಗಳ ಸಂಖ್ಯೆ ಹೊಂದದಿರುವುದು, ಸಂಖ್ಯೆಯೇ ಇಲ್ಲದಿರುವುದು, ಹಾಳೆಯ ಮೂಲೆ ಮಡಚಿಕೊಂಡೇ ಕತ್ತರಿಸಲ್ಪಟ್ಟು ಹೆಚ್ಚುವರಿ ಕಾಗದ ಚಾಚಿಕೊಂಡಿರುವುದು ಇವುಗಳಲ್ಲಿ ಮುಖ್ಯ. ತಪಾಸಣೆ ದಾಟಿ ಹೊರಬರುವುದು ತೀರ ಕಡಿಮೆಯಾದ್ದರಿಂದ ಇವಕ್ಕೆ ಬೆಲೆ ಹೆಚ್ಚು. ಆದರೆ ಒಂದು ಅಂಕಿಯನ್ನು ಉಜ್ಜಿ ಅಳಿಸಿ ‘ದೋಷ’ ಸೃಷ್ಟಿಸುವವರೂ ಇದ್ದಾರೆ. ಭೂತಗನ್ನಡಿಯಲ್ಲಿ ಕಾಗದದ ಎಳೆ ಎದ್ದಿರುವುದು ಕಂಡರೆ ಅದು ಕೈಚಳಕ.

ಸಿಕ್ಕ ನೋಟಿನ ಬೆಲೆಯನ್ನು ಕೊನೆಗೆ ನಿರ್ಧರಿಸುವುದು ಅದರ ಸ್ಥಿತಿ. ನಡುವೆ ಒಂದೇ ಒಂದು ಮಡಿಕೆ ಬಿದ್ದರೂ ಬೆಲೆ ಇಳಿಯುತ್ತದೆ. ಕಟ್ಟುಗಳಿಗೆ ಪಿನ್ ಹೊಡೆಯುವುದನ್ನು ನಿಲ್ಲಿಸುವಂತೆ ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ 2001ರಲ್ಲಿ ಸೂಚಿಸಿತು. ಅದಕ್ಕೂ ಮೊದಲಿನ, ಚಲಾವಣೆಗೇ ಬಾರದ ನೋಟಿನ ಅಂಚಿನಲ್ಲಿ ಪಿನ್ ತೂತುಗಳಿರುವುದು ಸಹಜ, ಸಂಗ್ರಹಕಾರರು ಅದನ್ನು ದೊಡ್ಡ ಕುಂದೆಂದು ಎಣಿಸುವುದಿಲ್ಲ. ನೋಟನ್ನು ತೊಳೆಯುವುದು, ಇಸ್ತ್ರಿ ಮಾಡುವುದು, ಲ್ಯಾಮಿನೇಟ್ ಮಾಡಿಸುವುದು ಅದನ್ನು ಕೊಂದಂತೆ. ಪಿವಿಸಿ ಅಲ್ಲದ ಪಾರದರ್ಶಕ ಲಕೋಟೆಯಲ್ಲಿ, ತೇವ ಮತ್ತು ಬಿಸಿಲು ತಾಗದಂತೆ ಇಡಬೇಕು.

ಮಾರುವಾಗ ಎಚ್ಚರ ಬೇಕು. ಹಳೆಯ ನೋಟಿಗೆ ಲಕ್ಷಗಟ್ಟಲೆ ಕೊಡುತ್ತೇವೆಂದು ನಂಬಿಸಿ ಮುಂಗಡ ಶುಲ್ಕ ಕೀಳುವ ಜಾಹೀರಾತುಗಳಲ್ಲಿ ತನ್ನ ಹೆಸರು ಬಳಕೆಯಾದದ್ದನ್ನು ಕಂಡ ರಿಸರ್ವ್ ಬ್ಯಾಂಕ್, ಇಂಥ ವ್ಯವಹಾರಗಳಿಗೆ ತಾನು ಶುಲ್ಕವನ್ನಾಗಲಿ ಕಮಿಷನ್ನಾಗಲಿ ಕೇಳುವುದಿಲ್ಲ ಎಂದು 2021ರಲ್ಲಿ ಎಚ್ಚರಿಸಿತು. 2016ರ ನವೆಂಬರ್‌ನಲ್ಲಿ ರದ್ದಾದ 500 ಮತ್ತು 1000 ರೂಪಾಯಿ ನೋಟುಗಳಿಗೆ ಪ್ರತ್ಯೇಕ ಕಾನೂನೇ ಇದೆ. 2017ರ ಕಾಯ್ದೆಯಂತೆ ಸಾಮಾನ್ಯರು ಹತ್ತಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಅಧ್ಯಯನ, ಸಂಶೋಧನೆ ಅಥವಾ ನಾಣ್ಯಶಾಸ್ತ್ರದ ಉದ್ದೇಶಕ್ಕಾದರೆ ಇಪ್ಪತ್ತೈದರವರೆಗೆ ಅವಕಾಶವಿದೆ.