ತೊಟ್ಟಿಲ ಕೌದಿ

ಚರಿತ್ರೆಯೆಂದರೆ ಕಲ್ಲು, ತಾಮ್ರಪಟ, ತಾಳೆಯೋಲೆ ಎಂದು ಬಗೆದವರು ನಾವು. ಬಾಳಿ ಉಳಿಯುವ ವಸ್ತುಗಳಿಗೆ ಚರಿತ್ರೆಯುಂಟು. ಬಳಸಿ ಸವೆದುಹೋಗುವವಕ್ಕೆ ಇಲ್ಲ. ಅರಸನ ದತ್ತಿಯ ಶಾಸನ ಎಂಟುನೂರು ವರ್ಷ ನಿಂತೀತು. ಅಜ್ಜಿ ಮೊಮ್ಮಗುವಿಗೆ ಹೊಲಿದುಕೊಟ್ಟ ಕೌದಿ ಎರಡು ತಲೆಮಾರು ಬಾಳಿದರೆ ಹೆಚ್ಚು. ಆದರೂ ಎರಡನೆಯ ಕೊಡುಗೆ ಮೊದಲನೆಯದಕ್ಕಿಂತ ಕಡಮೆಯದೆಂದು ಹೇಳಲು ನನಗೆ ಧೈರ್ಯವಿಲ್ಲ.

ಕನ್ನಡದ ಮೇಷ್ಟರಾದ ನಾನು ಮೊದಲು ಮಾತಿನ ಬೆನ್ನು ಹತ್ತುವುದು ಸಹಜ. ಸಂಸ್ಕೃತದ ‘ಕಂಥಾ’ ಎಂದರೆ ತೇಪೆಗಳನ್ನು ಕೂಡಿಸಿದ ಹೊದಿಕೆ, ವಿರಕ್ತರು ಹೊದೆಯುವಂಥದು. ಬಂಗಾಳದಲ್ಲಿ ಅದು ‘ಕಾಂಥಾ’ ಎಂಬ ಕಸೂತಿಯ ಹೊದಿಕೆಯಾಗಿ ಹೆಸರು ಪಡೆಯಿತು, ನಮ್ಮಲ್ಲಿ ‘ಕಂತೆ’ಯಾಯಿತು. ‘ಕಂತೆಗೆ ತಕ್ಕ ಬೊಂತೆ’ ಎಂಬ ಗಾದೆಯನ್ನು ನಾವು ಹಂಗಿಸುವುದಕ್ಕೆ ಬಳಸುತ್ತೇವೆ; ಎರಡೂ ಚಿಂದಿಯ ಹೊದಿಕೆಯ ಹೆಸರುಗಳೆಂಬುದು ಮರೆತುಹೋಗಿದೆ. ಸನ್ಯಾಸಿಯ ಮೈಮೇಲೆ ವೈರಾಗ್ಯದ ಗುರುತಾದ ಚಿಂದಿ, ತೊಟ್ಟಿಲಿಗೆ ಬಂದಾಗ ಅಕ್ಕರೆಯ ಗುರುತು. ಎಲ್ಲವನ್ನೂ ಬಿಟ್ಟವನಿಗೂ, ಇನ್ನೂ ಏನನ್ನೂ ಪಡೆಯದ ಶಿಶುವಿಗೂ ಒಂದೇ ಬಟ್ಟೆ!

ಶರಣರ ಕಾಲದಲ್ಲಿ ನೂಲುವ ಕದಿರ ರೆಮ್ಮವ್ವೆಯಿದ್ದಾಳೆ, ಹೊಲಿಯುವ ಸೂಜಿಕಾಯಕದ ರಾಮಿತಂದೆಯಿದ್ದಾನೆ. ಕಾಯಕವೇ ಅವರ ಹೆಸರಿಗೆ ಅಂಟಿಕೊಂಡಿದೆ. ಹರಿದುದನ್ನು ಕೂಡಿಸುವ ಕೆಲಸವಾದರೋ ಮನೆವಾರ್ತೆಯೊಳಗೆ ಅಡಗಿಹೋಯಿತು.

ಉತ್ತರ ಕರ್ನಾಟಕದ ಮನೆಗಳಲ್ಲಿ ಕೌದಿ ಹೊಲಿಯುವ ಬಗೆ ಸರಳವಾದುದು. ಕೆಳಗೆ ಹಳೆಯ ಸೀರೆಯನ್ನೋ ಧೋತರವನ್ನೋ ಹಾಸುವರು. ಮೇಲೆ ಇಳಕಲ್ಲ ಸೀರೆಯ ಸೆರಗು, ಗುಳೇದಗುಡ್ಡದ ಖಣದ ತುಂಡು, ಅಂಗಿಯ ತೋಳು—ಇವನ್ನು ಬಣ್ಣಕ್ಕೆ ಬಣ್ಣ ಹೊಂದಿಸಿ ಇಡುವರು. ಬಳಿಕ ಸಾಲು ಸಾಲಾಗಿ ಓಡುಹೊಲಿಗೆ. ಪದರಗಳನ್ನೆಲ್ಲ ಹಿಡಿದಿಡುವುದು ಅದೇ. ಹಳೆಯ ಬಟ್ಟೆಯೇ ಏಕೆ? ಬಡತನವೊಂದೇ ಕಾರಣವಲ್ಲ. ಹಲವು ಸಲ ಒಗೆದ ಹತ್ತಿ ಗಂಜಿ ಕಳೆದು ಮೆತ್ತಗಾಗಿರುತ್ತದೆ. ಎಳೆಯ ಮೈಗೆ ಒರಟಾಗದು.

ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡಗಳ ಸಿದ್ದಿ ಹೆಂಗಸರ ಕೌದಿಯನ್ನು ಇಲ್ಲಿ ನೆನೆಯಲೇಬೇಕು. ಆಫ್ರಿಕದ ಮೂಲದ ಈ ಜನರ ಪೂರ್ವಜರಲ್ಲಿ ಹಲವರು ಪೋರ್ಚುಗೀಸರ ಗೋವೆಗೆ ಗುಲಾಮರಾಗಿ ಬಂದವರು. ಸರ್ಕಾರ ಇವರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿದ್ದು 2003ರಲ್ಲಿ. ಇವರು ಕೌದಿಯನ್ನು ಅಂಚಿನಿಂದ ಆರಂಭಿಸಿ ಸುತ್ತುತ್ತ ನಡುವಿಗೆ ಬರುತ್ತಾರೆ. ಮೂಲೆಗಳಲ್ಲಿ ಮಡಿಸಿದ ಮುಕ್ಕೋಣದ ತುಂಡುಗಳನ್ನಿಟ್ಟು ‘ಫೂಲ್’ ಎನ್ನುತ್ತಾರೆ. ಅದಿಲ್ಲದ ಕೌದಿ ಬತ್ತಲೆಯೆಂದು ಅವರ ಭಾವನೆ. ಹೂ ಮುಡಿಸದೆ ಮಗುವಿಗೆ ಹೊದಿಸಲು ಆ ತಾಯಂದಿರಿಗೆ ಮನಸ್ಸು ಬಾರದು.

ಇನ್ನು ಪ್ಯಾರಿಸ್ಸಿನ ಮಾತು. ಉಕ್ರೇನಿನಲ್ಲಿ 1885ರಲ್ಲಿ ಹುಟ್ಟಿದ ಚಿತ್ರಗಾರ್ತಿ ಸೋನಿಯಾ ಡೆಲೊನೆ, 1911ರಲ್ಲಿ ತನ್ನ ಕೂಸು ಚಾರ್ಲ್ಸ್‌ಗೆ ಬಣ್ಣಬಣ್ಣದ ತುಂಡುಗಳಿಂದ ಒಂದು ಹೊದಿಕೆ ಹೊಲಿದಳು. ತನ್ನ ಸೀಮೆಯ ರೈತರ ಮನೆಗಳಲ್ಲಿ ಕಂಡಿದ್ದ ಬಗೆ ಅದು. ನೋಡಿದವರಿಗೆ ಅದರಲ್ಲಿ ಹೊಸ ಚಿತ್ರಕಲೆಯೇ ಕಂಡಿತು. ಅವಳ ಅಮೂರ್ತ ಚಿತ್ರಗಳ ಮೊದಲ ಹೆಜ್ಜೆಯೆಂದು ವಿದ್ವಾಂಸರು ಅದನ್ನು ಎಣಿಸುತ್ತಾರೆ. ಈಗ ಅದು ಪ್ಯಾರಿಸ್ಸಿನ ರಾಷ್ಟ್ರೀಯ ಆಧುನಿಕ ಕಲಾಸಂಗ್ರಹಾಲಯದ ಸ್ವತ್ತು.

ನಮ್ಮ ಅಜ್ಜಿಯರ ಕೌದಿಗಳು ಸಂಗ್ರಹಾಲಯ ಸೇರಬೇಕೆಂದು ನಾನು ಹೇಳುತ್ತಿಲ್ಲ. ಮಗು ಹೊದ್ದು, ಒದ್ದು, ಒದ್ದೆ ಮಾಡಿ ಸವೆಸಿದರೇ ಅದಕ್ಕೆ ಸಾರ್ಥಕ್ಯ. ಆದರೆ ಪ್ರತಿಯೊಂದು ಕೌದಿಯೂ ಒಂದು ಶಾಸನ. ಈ ಹಸುರು ಅತ್ತೆಯ ಮದುವೆಯ ಸೀರೆ, ಈ ಗೆರೆ ತೀರಿಹೋದ ತಾತನ ಅಂಗಿ—ಹೀಗೆ ಮನೆತನವೇ ಮಗುವಿನ ಮೈಮೇಲೆ ಮಲಗಿರುತ್ತದೆ. ಕಲ್ಲಿನ ಲಿಪಿಯನ್ನು ತಜ್ಞರು ಓದಿಯಾರು. ಈ ಲಿಪಿಯನ್ನು ಓದಬಲ್ಲವಳು ಹೊಲಿದವಳೊಬ್ಬಳೇ. ಅವಳು ಹೋದ ದಿನ ಅಲ್ಲಿ ಉಳಿಯುವುದು ಬರಿಯ ಬಟ್ಟೆ. ಆದುದರಿಂದ ಮನೆಯಲ್ಲಿ ಕೌದಿಯಿರುವ ವಾಚಕರು ಒಂದು ಸಂಜೆ ಅದನ್ನು ಹಿರಿಯರ ಮುಂದೆ ಹರವಿ, ಯಾವ ತುಂಡು ಯಾರದೆಂದು ಕೇಳಿ ಬರೆದಿಟ್ಟುಕೊಂಡರೆ ಮಕ್ಕಳಿಗೆ ಎರಡನೆಯ ಕೊಡುಗೆಯನ್ನು ಕೊಟ್ಟಂತೆ.