ಕುದುರೆಯ ಹೆಸರಿನ ಜೀವಾಣು, ಮನುಷ್ಯನ ರಕ್ತ

ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯಾ ಬೆಳೆದ ದ್ರವವು ಮನುಷ್ಯರಕ್ತದ ಹೆಪ್ಪನ್ನು ಕರಗಿಸುತ್ತದೆಂದು 1933ರಲ್ಲಿ ಅಮೆರಿಕದ ವಿಲಿಯಂ ಟಿಲೆಟ್ ಮತ್ತು ಆರ್. ಎಲ್. ಗಾರ್ನರ್ ತೋರಿಸಿಕೊಟ್ಟರು. ಮೊಲದ ರಕ್ತದ ಹೆಪ್ಪು ಮಾತ್ರ ಕರಗಲಿಲ್ಲ. ಈ ವ್ಯತ್ಯಾಸದ ಪೂರ್ಣ ಅರ್ಥ ತಿಳಿಯಲು ದಶಕಗಳೇ ಬೇಕಾದವು.

ಬ್ಯಾಕ್ಟೀರಿಯಾ ಸ್ರವಿಸುವ ಈ ವಸ್ತುವೇ ಸ್ಟ್ರೆಪ್ಟೊಕೈನೇಸ್. ವಾಡಿಕೆಯಲ್ಲಿ ಇದನ್ನು ಕಿಣ್ವವೆನ್ನುವರಾದರೂ ಇದು ತಾನಾಗಿ ಹೆಪ್ಪನ್ನು ಕರಗಿಸದು. ರಕ್ತದಲ್ಲಿ ನಿಷ್ಕ್ರಿಯವಾಗಿರುವ ಪ್ಲಾಸ್ಮಿನೋಜೆನ್ನಿನೊಡನೆ ಕೂಡಿ ಅದನ್ನು ಪ್ಲಾಸ್ಮಿನ್ನಾಗಿ ಮಾರ್ಪಡಿಸುತ್ತದೆ; ಕರಗಿಸುವ ಕಾರ್ಯ ಪ್ಲಾಸ್ಮಿನ್ನಿನದು. 1945ರಲ್ಲಿ ಎಲ್. ಆರ್. ಕ್ರಿಸ್ಟೆನ್ಸನ್ ಈ ಕ್ರಮವನ್ನು ವಿಶದಪಡಿಸಿದರು.

ಔಷಧ ತಯಾರಿಕೆಗೆ ಆಯ್ಕೆಯಾದ ಎಚ್46ಎ ತಳಿಯು ಸಿ ಗುಂಪಿನ 'ಈಕ್ವಿಸಿಮಿಲಿಸ್' ಪ್ರಭೇದಕ್ಕೆ ಸೇರಿದುದು. ಕುದುರೆಯ ರೋಗಾಣುವನ್ನು ಹೋಲುವಂಥದು ಎಂಬುದು ಹೆಸರಿನ ಇಂಗಿತ. ಆದರೆ ಈ ತಳಿ ದೊರೆತದ್ದು ಮನುಷ್ಯನಿಂದ. ಹೆಸರನ್ನಷ್ಟೇ ನೋಡಿ ಈ ಔಷಧದ ಮೂಲವನ್ನು ಕುದುರೆಲಾಯದಲ್ಲಿ ಹುಡುಕುವುದು ಸರಿಯಲ್ಲ. 1986ರಲ್ಲಿ ಪ್ರಕಟವಾದ, 11,806 ಹೃದಯಾಘಾತ ರೋಗಿಗಳನ್ನೊಳಗೊಂಡ ಇಟಲಿಯ ಜಿಸ್ಸಿ ಅಧ್ಯಯನದಲ್ಲಿ ಸ್ಟ್ರೆಪ್ಟೊಕೈನೇಸ್ ಪಡೆಯದವರಲ್ಲಿ ಶೇ. 13ರಷ್ಟಿದ್ದ 21 ದಿನಗಳ ಮರಣಪ್ರಮಾಣ, ಪಡೆದವರಲ್ಲಿ ಶೇ. 10.7 ಆಗಿತ್ತು.

ಕುದುರೆಗಳಿಂದಲೇ ಪ್ರತ್ಯೇಕಿಸಿದ ತಳಿಗಳ ಸಂಗತಿ ಬೇರೆ. 1991ರಲ್ಲಿ ಪ್ರಕಟವಾದ ಪ್ರಯೋಗಗಳಲ್ಲಿ ಅವುಗಳ ಸ್ಟ್ರೆಪ್ಟೊಕೈನೇಸ್ ಕುದುರೆಯ ಪ್ಲಾಸ್ಮಿನೋಜೆನ್ನನ್ನು ಸಕ್ರಿಯಗೊಳಿಸಿತು; ಮನುಷ್ಯನದರ ಮೇಲೆ ಪರಿಣಾಮ ಬೀರಲಿಲ್ಲ. ಹಂದಿಯಿಂದ ಪಡೆದ ತಳಿಯದು ಹಂದಿಯ ಪ್ಲಾಸ್ಮಿನೋಜೆನ್ನಿಗೇ ಒಲಿಯಿತು. ಸೋಂಕು ತಗುಲಿದೆಡೆ ದೇಹವು ಹೆಪ್ಪುಗಟ್ಟಿಸಿ ಒಡ್ಡುವ ತಡೆಯನ್ನು ದಾಟುವುದು ಬ್ಯಾಕ್ಟೀರಿಯಾದ ಅಗತ್ಯ; ಆದ್ದರಿಂದ ಪ್ರತಿಯೊಂದು ತಳಿಯ ಸ್ಟ್ರೆಪ್ಟೊಕೈನೇಸೂ ತನಗೆ ಆಶ್ರಯ ನೀಡಿದ ಪ್ರಾಣಿಯ ರಕ್ತಕ್ಕೆ ಹೊಂದಿಕೊಂಡಿದೆಯೆಂದು ಭಾವಿಸಲು ಆಧಾರವಿದೆ. ಮೊಲದ ಹೆಪ್ಪು 1933ರಲ್ಲಿ ಕರಗದೆ ಉಳಿದುದನ್ನೂ ಈ ಬೆಳಕಿನಲ್ಲಿಯೇ ನೋಡಬೇಕು.