ಹುಲ್ಲುಗಾವಲಿನೊಳಗಣ ಕಾವಲು

ಹುಲ್ಲುಗಾವಲು ಎಂಬ ಮಾತನ್ನು ಬಿಡಿಸಿದರೆ ಹುಲ್ಲು, ಕಾವಲು ಎಂಬೆರಡು ಪದಗಳು ದೊರೆಯುವುವು. ಕಕಾರಕ್ಕೆ ಗಕಾರವು ಆದೇಶವಾಗಿ ಬಂದುದು ವ್ಯಾಕರಣ ಬಲ್ಲವರಿಗೆ ಹೊಸತಲ್ಲ. ಆದರೆ ಆ ಎರಡನೆಯ ಪದದ ಅರ್ಥವನ್ನು ನಾವು ಮರೆತಂತೆ ತೋರುತ್ತದೆ. ಕಾದಿರಿಸಿದ ನೆಲವೇ ಕಾವಲು. ಕಾಡನ್ನು ಕಾಯಬೇಕೆಂದರೆ ಯಾರೂ ಬೆರಗಾಗುವುದಿಲ್ಲ. ಬರಿಯ ಹುಲ್ಲನ್ನು ಕಾಯಬೇಕೆಂದರೆ, ಇದಾವುದೋ ಪರದೇಶದಿಂದ ಬಂದ ಹೊಸ ಹವ್ಯಾಸವೆಂಬ ಭಾವನೆ ಸುಶಿಕ್ಷಿತರಲ್ಲಿಯೂ ಉಂಟು. ಮಾಕಳಿಗೆ ಕೆಲವೇ ಮೈಲಿಗಳ ದೂರದಲ್ಲಿರುವ ಹೆಸರಘಟ್ಟದ ಬಯಲಿನ ವಿಷಯದಲ್ಲಿ ಈ ಭಾವನೆಯು ಬಹಳ ಕೇಡನ್ನು ಮಾಡಿತು. ಆದ್ದರಿಂದ ಕಾವಲಿನ ಹಳೆಯ ವೃತ್ತಾಂತವನ್ನು ಸ್ವಲ್ಪ ನೆನೆಯುವುದು ಉಚಿತವಾಗಿದೆ.

ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ (1673–1704) ಅರಮನೆಯ ದನಕರುಗಳ ಇಲಾಖೆಗೆ ‘ಬೆಣ್ಣೆ ಚಾವಡಿ’ಯೆಂದು ಹೆಸರಿದ್ದಿತು. ಟಿಪ್ಪು ಸುಲ್ತಾನನು ಇದನ್ನೇ ‘ಅಮೃತ ಮಹಲ್’ ಎಂದು ಕರೆದನು. ಹೆಸರು ಹಾಲುಬೆಣ್ಣೆಯದಾದರೂ ಈ ತಳಿಯ ಕೀರ್ತಿಯೆಲ್ಲ ಎತ್ತುಗಳಿಂದ ಬಂದುದು. ಚಿದಂಬರದ ರಕ್ಷಣೆಗಾಗಿ ಹೈದರಾಲಿಯ ಸೇನೆಯು ಎರಡೂವರೆ ದಿನಗಳಲ್ಲಿ ನೂರು ಮೈಲಿ ನಡೆದುದು ಈ ಎತ್ತುಗಳ ಬಲದಿಂದಲೇ ಎಂದು ಹೇಳುವರು. ಇಂತಹ ಎತ್ತುಗಳು ಕೊಟ್ಟಿಗೆಯಲ್ಲಿ ಹುಟ್ಟುವುವಲ್ಲ. ರಾಜ್ಯದ ಉದ್ದಗಲಕ್ಕೂ ಹಬ್ಬಿದ್ದ ಕಾವಲುಗಳು ಅವುಗಳ ತೌರುಮನೆ. ಮಳೆಗಾಲಕ್ಕೊಂದು, ಚಳಿಗಾಲಕ್ಕೊಂದು, ಬೇಸಗೆಗೊಂದು ಎಂದು ಕಾವಲುಗಳನ್ನು ವಿಂಗಡಿಸಿ, ಮಂದೆಗಳನ್ನು ಋತುಮಾನಕ್ಕೆ ತಕ್ಕಂತೆ ಒಂದರಿಂದ ಮತ್ತೊಂದಕ್ಕೆ ಅಟ್ಟುತ್ತಿದ್ದರು. ಬೇಸಗೆಯ ಕಾವಲುಗಳಿಗೆ ಬೆಲೆ ಹೆಚ್ಚು. ಅವು ಬಹುಮಟ್ಟಿಗೆ ಕೆರೆಯಂಗಳಗಳು, ನೆರಳೂ ಹಸುರೂ ಉಳಿದಿರುವ ತಾಣಗಳು. ಒಂದು ಕಡೆ ದನ ಮೇಯುತ್ತಿರುವಾಗ ಉಳಿದೆಡೆಗಳಲ್ಲಿ ಹುಲ್ಲು ಚಿಗುರಿ, ತೆನೆಗಟ್ಟಿ, ಬೀಜ ಉದುರಿಸಲು ಅವಕಾಶ ದೊರೆಯುತ್ತಿದ್ದಿತು.

1799ರ ತರುವಾಯ ಈ ಏರ್ಪಾಡು ಇಂಗ್ಲಿಷರ ಕೈಸೇರಿತು. 1860ರಲ್ಲಿ ಮದರಾಸು ಸರಕಾರವು ಮಿತವ್ಯಯದ ಹೆಸರಿನಲ್ಲಿ ಮಂದೆಗಳನ್ನು ಮಾರಿಬಿಟ್ಟು, ಸೈನ್ಯಕ್ಕೆ ತಕ್ಕ ಎತ್ತುಗಳು ಸಿಕ್ಕದೆ ಪೇಚಾಡಿ, 1866ರಲ್ಲಿ ಅವನ್ನು ಮತ್ತೆ ಕೂಡಿಹಾಕಿತು. ಮಾರಿದ ದನವನ್ನು ಮತ್ತೆ ಕೊಳ್ಳಬಹುದು. ಉತ್ತ ಕಾವಲನ್ನು ಮತ್ತೆ ಹುಲ್ಲುಗಾವಲಾಗಿಸುವುದು ಅಷ್ಟು ಸುಲಭವಲ್ಲ. ಮುಂದೆ ಬಂಡಿಯೂ ಫಿರಂಗಿಯೂ ಎತ್ತನ್ನು ಬಿಟ್ಟು ಯಂತ್ರವನ್ನು ಹಿಡಿದುವು. ಕಂದಾಯದ ಲೆಕ್ಕಕ್ಕೆ, ಉಳದ ನೆಲವೆಲ್ಲ ಪಾಳು ಎಂದಾಯಿತು. ಬೇಡಿದವರಿಗೆ ಕೊಡಲು ಇದಕ್ಕಿಂತ ಅನುಕೂಲವಾದ ನೆಲ ಬೇರೆಲ್ಲಿ? ಚಳ್ಳಕೆರೆಯ ಕಡೆ ವರವು, ಉಳ್ಳಾರ್ತಿ, ಖುದಾಪುರಗಳ ಕಾವಲುಗಳಲ್ಲಿ ಸುಮಾರು 10,000 ಎಕರೆಗಳು ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳ ಪಾಲಾದುದು ನಮ್ಮ ಕಣ್ಣ ಮುಂದಿನ ಸಂಗತಿ. ಯಲಹಂಕದ ಬಳಿಯ ಜಾರಕಬಂಡೆ ಕಾವಲಿನಂಥ ಹೆಸರುಗಳು ಹಳೆಯ ಅರ್ಥವನ್ನು ಇಂದಿಗೂ ಹೊತ್ತು ನಿಂತಿವೆ.

ಹೆಸರಘಟ್ಟದ ಬಯಲು ಉಳಿದುಬಂದ ಬಗೆ ವಿಚಿತ್ರವಾಗಿದೆ. ನಂದಿಯ ಬೆಟ್ಟಗಳಲ್ಲಿ ಹುಟ್ಟಿದ ಅರ್ಕಾವತಿಗೆ ಅಲ್ಲಿ ಶೇಷಾದ್ರಿ ಅಯ್ಯರವರ ದಿವಾನಗಿರಿಯಲ್ಲಿ, 1894ರಲ್ಲಿ, ಕೆರೆಯನ್ನು ಕಟ್ಟಿಸಿ ಬೆಂಗಳೂರಿಗೆ ಕೊಳವೆಯ ನೀರನ್ನು ಕೊಟ್ಟರು. ಅದೇ ನದಿಯು ತುಮಕೂರು ರಸ್ತೆಯನ್ನು ದಾಟಿ, ಕುಮುದ್ವತಿಯನ್ನು ಕೂಡಿ, ತಿಪ್ಪಗೊಂಡನಹಳ್ಳಿಯ ಜಲಾಶಯವನ್ನು ಸೇರುವುದು. ಕೆರೆಯ ಸುತ್ತಣ ಬಯಲಿನ ಮುಖ್ಯಭಾಗವು ಪಶುಸಂಗೋಪನಾ ಇಲಾಖೆಯ ವಶದಲ್ಲಿದ್ದುದರಿಂದ ನೇಗಿಲೂ ಗಾರೆಯೂ ಅದನ್ನು ಮುಟ್ಟಲಿಲ್ಲ. ದನಕ್ಕೆಂದು ಬಿಟ್ಟ ನೆಲ ಹಕ್ಕಿಗಳಿಗೂ ಒದಗಿತು. ಗೌಜಲ, ಟಿಟ್ಟಿಭ, ನೆಲಗುಬ್ಬಿಗಳು ಹುಲ್ಲಿನ ಬುಡದಲ್ಲಿಯೇ ಮೊಟ್ಟೆಯಿಡುವುವು. ಚಳಿಗಾಲದಲ್ಲಿ ಉತ್ತರದೇಶಗಳಿಂದ ಹ್ಯಾರಿಯರ್ ಎಂಬ ಗಿಡುಗಗಳು ಬಂದಿಳಿಯುವುವು. ಇಂಥಲ್ಲಿ ಗಿಡ ನೆಟ್ಟು ಉಪಕಾರ ಮಾಡಹೊರಡುವ ಸಜ್ಜನರು ಸ್ವಲ್ಪ ತಾಳಬೇಕು. ಮರದ ಮೇಲೆ ಕೂತ ಕಾಗೆಯ ಕಣ್ಣಿಗೆ ನೆಲಗುಬ್ಬಿಯ ಗೂಡು ಬಹು ಬೇಗ ಬೀಳುವುದು.

ಈ ಬಯಲಿನಲ್ಲಿ ಚಿತ್ರನಗರಿಯನ್ನು ಕಟ್ಟುವ ಮಾತು ಎದ್ದಾಗ, ಸುಮಾರು 5,000 ಎಕರೆಗಳನ್ನು ಸಂರಕ್ಷಿತ ಮೀಸಲು ಎಂದು ಸಾರಬೇಕೆಂಬ ಬೇಡಿಕೆಯು ಬಲಗೊಂಡಿತು. 2021ರ ಜನವರಿಯಲ್ಲಿ ರಾಜ್ಯ ವನ್ಯಜೀವಿ ಮಂಡಳಿಯು ಅದನ್ನು ತಳ್ಳಿಹಾಕಿತು. ವಿವಾದವು ಉಚ್ಚ ನ್ಯಾಯಾಲಯದವರೆಗೆ ಹೋಯಿತು. ಕಡೆಗೆ 2024ರ ಅಕ್ಟೋಬರಿನಲ್ಲಿ ಅದೇ ಮಂಡಳಿಯು 5,678 ಎಕರೆಗಳ ಮೀಸಲಿಗೆ ಒಪ್ಪಿಗೆಯಿತ್ತಿತು. ಮರುತಿಂಗಳೇ ಮಾದಾವರದವರೆಗೆ ಮೆಟ್ರೋ ರೈಲು ಬಂದಿತು. ಪೀಣ್ಯದಿಂದ ಮಾಕಳಿಯ ಕಡೆಗೆ ಹರಿದುಬರುತ್ತಿರುವ ಕಾರ್ಖಾನೆ, ಉಗ್ರಾಣಗಳ ಸಾಲನ್ನು ಕಂಡವರಿಗೆ ಈ ಎರಡು ತಿಂಗಳುಗಳ ನೆರೆಹೊರೆ ಅರ್ಥವಾದೀತು.

ದನ ಮೇಯಿಸುವವರು ಅಂಜಿದುದು ಸಹಜವೇ. ಅಭಯಾರಣ್ಯವೆಂದರೆ ಬೇಲಿ, ದಂಡ, ಒಕ್ಕಲೆಬ್ಬಿಸುವಿಕೆಗಳೆಂದು ಹಳ್ಳಿಗಳು ತಿಳಿದಿವೆ. ಆದರೆ 1972ರ ವನ್ಯಜೀವಿ ಕಾಯಿದೆಗೆ 2002ರ ತಿದ್ದುಪಡಿಯಲ್ಲಿ ಸೇರಿದ ಈ ಸಂರಕ್ಷಿತ ಮೀಸಲು ಬೇರೆ ಜಾತಿಯದು. ಸರಕಾರದ ಒಡೆತನದ ನೆಲವನ್ನು ಮಾತ್ರ, ಅದೂ ಸ್ಥಳೀಯರೊಡನೆ ಸಮಾಲೋಚಿಸಿ, ಹೀಗೆ ಸಾರಬಹುದು. ಕಡೂರು ತಾಲ್ಲೂಕಿನ ಬಾಸೂರು ಅಮೃತ ಮಹಲ್ ಕಾವಲು 2011ರಲ್ಲಿ ಈ ದಾರಿಯಿಂದಲೇ ಸಂರಕ್ಷಿತ ಮೀಸಲಾಯಿತು. ಇಂತಹ ಮೀಸಲಿನ ಆಡಳಿತಕ್ಕೆ ಸಲಹೆ ನೀಡುವ ಸಮಿತಿಯಲ್ಲಿ ಅರಣ್ಯ ಇಲಾಖೆಯವರಲ್ಲದೆ, ಆ ನೆಲವು ಯಾವ ಯಾವ ಗ್ರಾಮ ಪಂಚಾಯಿತಿಗಳಿಗೆ ಸೇರಿದೆಯೋ ಆ ಒಂದೊಂದರಿಂದಲೂ ಒಬ್ಬ ಪ್ರತಿನಿಧಿಯಿರಬೇಕೆಂದು ಕಾಯಿದೆಯು ವಿಧಿಸಿದೆ. ಪಶುಸಂಗೋಪನಾ ಇಲಾಖೆಗೂ, ಎಂದರೆ ಬೆಣ್ಣೆ ಚಾವಡಿಯ ಇಂದಿನ ಉತ್ತರಾಧಿಕಾರಿಗೂ, ಅಲ್ಲಿ ಒಂದು ಸ್ಥಾನವನ್ನಿರಿಸಿದೆ.